ಸೈಕಾಲಜಿ ಓದಿದವರಿಗೆ ಲೈಸೆನ್ಸ್ ಎಲ್ಲಿ ಸಿಗುತ್ತದೆ? ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಓದಿ

ಪ್ರತಿ ವರ್ಷ ಡಿಗ್ರಿ ರಿಸಲ್ಟ್ ಬಂದ ವಾರ ನನಗೆ ಒಂದೇ ತರಹದ ಫೋನ್ ಬರುತ್ತವೆ. ಸಿಂದಗಿಯಿಂದ, ಮುಧೋಳದಿಂದ, ಗೋಕಾಕಿನಿಂದ. "ಮೇಡಂ, ಸೈಕಾಲಜಿ ಮುಗೀತ್ರಿ, ಈಗ ಲೈಸೆನ್ಸ್ ಎಲ್ಲಿ ತಗೋಬೇಕ್ರಿ?" ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ಇರುವ ಹಾಗೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಇರುವುದು ದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತು, ನಾವೆಲ್ಲ ಆರ್‌ಸಿಐ ಅನ್ನುತ್ತೇವೆ. ಯೂಟ್ಯೂಬಿನಲ್ಲಿ ಹೇಳುವ ರಾಜ್ಯದ ಲೈಸೆನ್ಸ್ ಪರೀಕ್ಷೆ ಅಮೆರಿಕದ್ದು. ಕರ್ನಾಟಕದಲ್ಲಿ ಅಂಥ ಪರೀಕ್ಷೆ ಇಲ್ಲ. ಇಲ್ಲಿ ಆರ್‌ಸಿಐ ಒಪ್ಪಿದ ಕೋರ್ಸ್ ಮುಗಿಸಬೇಕು, ಅದರ ಕೇಂದ್ರ ರಿಜಿಸ್ಟರಿನಲ್ಲಿ, ಅಂದರೆ ಸಿಆರ್‌ಆರ್‌ನಲ್ಲಿ, ಹೆಸರು ಬರೆಸಬೇಕು, ಒಂದು ನಂಬರ್ ಬರುತ್ತದೆ. ಆ ಸಿಆರ್‌ಆರ್ ನಂಬರೇ ನಿಮ್ಮ ಲೈಸೆನ್ಸ್. 1992ರ ಆರ್‌ಸಿಐ ಕಾಯ್ದೆ ಪ್ರಕಾರ ಆ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಪ್ರಾಕ್ಟೀಸ್ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಸಾವಿರ ರೂಪಾಯಿ ಅಷ್ಟೇ ತಾನೇ ಅನ್ನಬೇಡಿ. ನಂಬಿ ಬಂದವರ ಮಗು ನಿಮ್ಮ ಮುಂದೆ ಕೂತಿರುತ್ತದೆ.

ಈಗ ದಾರಿ. ಬಿ.ಎ. ಅಥವಾ ಬಿ.ಎಸ್ಸಿ. ಆದಮೇಲೆ ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಬೇಕು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳ ಹುಡುಗರಿಗೆ ಹಳೆಯ, ಹತ್ತಿರದ ದಾರಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಕ್ಲಿನಿಕಲ್ ಪೇಪರ್ ಇದ್ದರೆ ಅದನ್ನೇ ಆರಿಸಿಕೊಳ್ಳಿ, ಶೇ. 55 ಅಂಕ ಬಿಡಬೇಡಿ. ಎಂ.ಎ. ಆದಮೇಲೆ ಮಾಡುವ ಎಂ.ಫಿಲ್ ಪ್ರವೇಶಕ್ಕೆ ಸಾಮಾನ್ಯ ವರ್ಗದವರಿಗೆ ಅಷ್ಟು ಕೇಳುತ್ತಾರೆ, ಮೀಸಲಾತಿ ಇದ್ದವರಿಗೆ ಸ್ವಲ್ಪ ಸಡಿಲಿಕೆ ಇದೆ. ಈಗಾಗಲೇ ದೂರಶಿಕ್ಷಣದ ಎಂ.ಎ. ಮಾಡಿದವರು, ನೀವು ಮುಂದೆ ಸೇರಬೇಕೆಂದಿರುವ ಸಂಸ್ಥೆ ಅದನ್ನು ಒಪ್ಪುತ್ತದೆಯೇ ಅಂತ ಮೊದಲೇ ನೋಡಿ. ರೆಗ್ಯುಲರ್ ಆಗಿ ಓದಿದವರೇ ಬೇಕು ಅನ್ನುವ ಸಂಸ್ಥೆಗಳಿವೆ.

ಬರೀ ಸೈಕಾಲಜಿ ಎಂ.ಎ.ಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವ ಹೆಸರು ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಹಾಗೇ ಇದೆ: ಆರ್‌ಸಿಐ ಒಪ್ಪಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯ ಅರ್ಹತೆ ಇರಬೇಕು, ಇಲ್ಲವೇ ಎಂ.ಎ. ಆದಮೇಲೆ ಆಸ್ಪತ್ರೆ ತರಬೇತಿ ಇರುವ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಆಗಿರಬೇಕು. ಬೆಂಗಳೂರಿನ ನಿಮ್ಹಾನ್ಸ್, ನಮ್ಮ ಮಗ್ಗುಲಲ್ಲೇ ಇರುವ ಧಾರವಾಡದ ಡಿಮ್ಹಾನ್ಸ್, ಈ ತರಬೇತಿಗೆ ಎಲ್ಲರೂ ಹೇಳುವ ಮಾನಸಿಕ ಆರೋಗ್ಯ ಸಂಸ್ಥೆಗಳು ಇವು. ಸೀಟು ಬಹಳ ಕಡಿಮೆ. ಮೊದಲ ಸಲ ಆಗಲಿಲ್ಲ ಅಂತ ಕೈಬಿಡಬೇಡಿ. ಎರಡನೇ, ಮೂರನೇ ಸಲ ಬರೆದು ಸೀಟು ತಗೊಂಡವರನ್ನು ನಾನು ನೋಡಿದ್ದೇನೆ.

ಒಂದು ದೊಡ್ಡ ಬದಲಾವಣೆ ನಡೆಯುತ್ತಿದೆ, ಇದನ್ನು ಗಮನವಿಟ್ಟು ಓದಿ. ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್ ಅನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025–26ರ ಸಾಲಿನ ತನಕ ವಿನಾಯಿತಿ ಕೊಟ್ಟಿತು. ಆರ್‌ಸಿಐ ಈಗ ಕ್ಲಿನಿಕಲ್ ಸೈಕಾಲಜಿಯಲ್ಲೇ ಎಂ.ಎ., ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಅಂತ ಬೇರೆ ಕೋರ್ಸುಗಳನ್ನು ಮುಂದೆ ತಂದಿದೆ. ಹಾಗಾಗಿ ಸೀನಿಯರ್ ಅಕ್ಕ ಐದು ವರ್ಷದ ಹಿಂದೆ ಹೋದ ದಾರಿಯನ್ನೇ ನಂಬಿ ಕೂರಬೇಡಿ. ನೀವು ಸೇರುವ ವರ್ಷದ ಪ್ರಕಟಣೆಯನ್ನು ಆರ್‌ಸಿಐ ವೆಬ್‌ಸೈಟಿನಲ್ಲಿ ನೀವೇ ತೆರೆದು ಓದಿ. ಮಾನ್ಯತೆ ಇರುವ ಸಂಸ್ಥೆಗಳ ಪಟ್ಟಿ ಅಲ್ಲೇ ಇರುತ್ತದೆ. ಸಂಸ್ಥೆಯ ಹೆಸರು, ಕೋರ್ಸಿನ ಹೆಸರು, ಯಾವ ವರ್ಷದ ತನಕ ಮಾನ್ಯತೆ, ಮೂರನ್ನೂ ಹೊಂದಿಸಿ ನೋಡಿ. ಹೆಸರು ಇದ್ದು ವರ್ಷ ಮುಗಿದಿದ್ದರೆ ಪ್ರಯೋಜನವಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎಂ.ಎ. ಆದಮೇಲೆ ನಾನು ಆರು ತಿಂಗಳ ಒಂದು ಡಿಪ್ಲೊಮಾಕ್ಕೆ ಸೇರಿದೆ. ಫೀಸಿಗೆ ಅವ್ವ ಬಳೆ ಅಡವಿಟ್ಟಳು. ಕೊನೆಗೆ ಬಂಗಾರದ ಬಣ್ಣದ ಮುದ್ರೆ ಇದ್ದ ದಪ್ಪ ಹಾಳೆಯ ಸರ್ಟಿಫಿಕೇಟ್ ಬಂತು. ನೋಂದಣಿಗೆ ಅರ್ಜಿ ಹಾಕಲು ಕೂತಾಗ ಗೊತ್ತಾಯಿತು, ಆ ಕೋರ್ಸಿಗೆ ಮಾನ್ಯತೆಯೇ ಇರಲಿಲ್ಲ. ಕೇಳಿದರೆ "ನಾವು ಲೈಸೆನ್ಸ್ ಅಂತ ಎಲ್ಲಿ ಹೇಳಿದ್ದೇವೆ?" ಅಂದರು. ಅವ್ವನ ಬಳೆ ಬಿಡಿಸಲು ಎರಡು ವರ್ಷ ಹಿಡಿಯಿತು. ಹತ್ತು ನಿಮಿಷ ಪಟ್ಟಿ ನೋಡಿದ್ದರೆ ಉಳಿಯುತ್ತಿದ್ದ ದುಡ್ಡು ಅದು.

ತರಬೇತಿಯ ಎರಡು ವರ್ಷ ಕಷ್ಟ ಇದೆ. ಓಪಿಡಿ, ವಾರ್ಡು, ಕೇಸ್ ಹಿಸ್ಟರಿ, ಪ್ರಬಂಧ, ವೈವಾ. ಆದರೆ ಕೆಲಸ ಕಲಿಯುವುದು ಅಲ್ಲೇ. ನನ್ನ ಮೊದಲ ತಿಂಗಳಲ್ಲಿ ಬಾದಾಮಿ ಕಡೆಯ ಒಬ್ಬ ತಾಯಿ ಬಂದಿದ್ದಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. "ನಿಮಗೆ ಆತಂಕ ಆಗುತ್ತದೆಯೇ?" ಅಂತ ಪುಸ್ತಕದ ಹಾಗೆ ಕೇಳಿದೆ. "ಏನಿಲ್ಲರೀ" ಅಂದಳು. ಪಕ್ಕದಲ್ಲಿದ್ದ ನಮ್ಮ ಸರ್ "ಯಕ್ಕಾ, ಎದಿ ಡವಡವ ಅಂತೈತೇನು? ರಾತ್ರಿ ನಿದ್ದಿ ಹತ್ತತೈತೇನು?" ಅಂದರು. ಆಮೇಲೆ ಅವಳು ಅರ್ಧ ಗಂಟೆ ಮಾತು ನಿಲ್ಲಿಸಲಿಲ್ಲ. ನಮ್ಮ ಊರಿನ ಹುಡುಗರು ಈ ಕೆಲಸಕ್ಕೆ ಬರಬೇಕು ಅನ್ನುವುದು ಇದಕ್ಕೇ. ಮಕ್ಕಳ ಬುದ್ಧಿ ಅಳೆಯಲು ಇವತ್ತಿಗೂ ಬಳಸುವ ಬಿನೆ–ಕಾಮತ್ ಪರೀಕ್ಷೆ 1930ರ ದಶಕದಲ್ಲಿ ಇದೇ ಮುಂಬೈ ಕರ್ನಾಟಕ ಭಾಗದ ಮಕ್ಕಳಿಗಾಗಿ ಕನ್ನಡ, ಮರಾಠಿಯಲ್ಲಿ ತಯಾರಾದದ್ದು, ಗೊತ್ತಾ? ಅಂಗವಿಕಲತೆ ಕಾರ್ಡಿಗೆ ಬುದ್ಧಿಮಟ್ಟದ ಪರೀಕ್ಷೆ ಆಗಬೇಕು ಅಂತ ತಾಯಂದಿರು ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ದೂರದೂರ ಹೋಗುತ್ತಾರೆ. ತಾಲ್ಲೂಕಿಗೆ ಒಬ್ಬರಿದ್ದರೂ ಆ ಓಡಾಟ ತಪ್ಪುತ್ತದೆ.

ಕೋರ್ಸ್ ಮುಗಿದ ತಕ್ಷಣ ಆರ್‌ಸಿಐಗೆ ಆನ್‌ಲೈನ್ ಅರ್ಜಿ ಹಾಕಿ. ಆಮೇಲೆ ರಾಜ್ಯದ ಕೆಲಸ ಒಂದಿದೆ. 2017ರ ಕಾಯ್ದೆ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ನೋಂದಾಯಿಸಿಕೊಳ್ಳಬೇಕು, ಅಲ್ಲೂ ಹೆಸರು ಸೇರಿಸಿ. ಐದು ವರ್ಷಕ್ಕೊಮ್ಮೆ ಸಿಆರ್‌ಆರ್ ನವೀಕರಣ ಇರುತ್ತದೆ. ಅದಕ್ಕೆ ಸಿಆರ್‌ಇ ಅಂಕ ಬೇಕು, ಅಂದರೆ ಆರ್‌ಸಿಐ ಒಪ್ಪಿದ ಕಾರ್ಯಾಗಾರಗಳಿಗೆ ಹಾಜರಾಗಬೇಕು. ಕೊನೆಯ ವರ್ಷ ಓಡಾಡುವ ಬದಲು ವರ್ಷಕ್ಕೆ ಒಂದೆರಡು ಮುಗಿಸುತ್ತಾ ಬನ್ನಿ. ಸರ್ಕಾರಿ ಕೆಲಸ ಬೇಕೆಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಹುದ್ದೆಗಳ ಪ್ರಕಟಣೆ ನೋಡುತ್ತಿರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಒಮ್ಮೆ ಹೋಗಿ ಬನ್ನಿ, ಕೆಲಸ ಹೇಗಿರುತ್ತದೆ ಅಂತ ಅರ್ಥವಾಗುತ್ತದೆ. ಒಂದು ಮಾತು, ನಾವು ಮಾತ್ರೆ ಬರೆಯುವ ಹಾಗಿಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ.

ಕ್ಲಿನಿಕಲ್ ಬೇಡ, ಶಾಲೆಯಲ್ಲೋ ಬೇರೆ ಕಡೆಯೋ ಸೈಕಾಲಜಿಸ್ಟ್ ಆಗಿರುತ್ತೇನೆ ಅನ್ನುವವರಿಗೆ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಬಂದಿದೆ. ಅದರ ಪಟ್ಟಿಯಲ್ಲಿ ಸೈಕಾಲಜಿಸ್ಟ್ ಹೆಸರಿದೆ. ಬೋರ್ಡಿನ ಮೇಲೆ ಮಾತ್ರ "ಕ್ಲಿನಿಕಲ್" ಅಂತ ಬರೆಸಬೇಡಿ.

ಕಾಗದ ಪತ್ರದ ವಿಷಯ ಇವತ್ತೇ ನೋಡಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ "ಎಂ." ಅಂತ ಇನಿಶಿಯಲ್, ಪಿಯುಸಿಯಲ್ಲಿ "ಮಲ್ಲಪ್ಪ", ಆಧಾರಿನಲ್ಲಿ ಅಡ್ಡಹೆಸರು ಮುಂದೆ. ಹೆಸರು ಹೊಂದದಿದ್ದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಂ.ಎ.ಗೆ ಸೇರುವ ಮುಂಚೆ ಎಲ್ಲ ಕಡೆ ಒಂದೇ ಹೆಸರು ಮಾಡಿಸಿಕೊಳ್ಳಿ, ಆಗ ಇನ್ನೂ ಕೈಯಲ್ಲಿ ಟೈಮ್ ಇರುತ್ತದೆ.