ಥ್ರೆಡ್ ಕಟ್ಟುವ ಹೊಣೆ ಸೆಂಡ್-ಇಮೇಲ್‌ಗೆ ಮಾತ್ರ

ಗಿಟ್‌ನಲ್ಲಿ (ಕೋಡ್‌ನ ಆವೃತ್ತಿಗಳನ್ನು ನಿರ್ವಹಿಸುವ ತಂತ್ರಾಂಶ) ಮಾಡಿದ ಬದಲಾವಣೆಗಳನ್ನು ಪ್ಯಾಚ್‌ಗಳೆಂಬ ಫೈಲ್‌ಗಳಾಗಿ ತೆಗೆದು ಪರಿಶೀಲನೆಗೆ ಮೇಲ್ ಮಾಡುವುದುಂಟು; ಆ ಮೇಲ್‌ಗಳನ್ನು ಒಂದಕ್ಕೊಂದು ಉತ್ತರವಾಗಿ ಜೋಡಿಸುವುದೇ ಥ್ರೆಡ್. ಐದು ಪ್ಯಾಚ್‌ಗಳ ಹೊಸ ಸರಣಿಯಲ್ಲಿ ಮೂರನೆಯದು ಮಾತ್ರ ಹಳೆಯ ಚರ್ಚೆಯ ಕೆಳಗೆ ಹೋಗಿ ಕುಳಿತರೆ ಪರಿಶೀಲಿಸುವವರಿಗೆ ತಲೆಬುಡ ತಿಳಿಯುವುದಿಲ್ಲ. ನಮ್ಮ ತಂಡದ ಸರಣಿಯೊಂದಕ್ಕೆ ಹೀಗೆಯೇ ಆಯಿತು. ಆ ಮೂರನೆಯ ಪ್ಯಾಚ್‌ನ ಫೈಲನ್ನು ತೆರೆದು ನೋಡಿದಾಗ ಕಾರಣ ಎದುರಿಗೇ ಇತ್ತು: ಇದು ಯಾವ ಮೇಲ್‌ಗೆ ಉತ್ತರ ಎಂದು ಹೇಳುವ 'ಇನ್-ರಿಪ್ಲೈ-ಟು', 'ರೆಫರೆನ್ಸಸ್' ಹೆಡರ್‌ಗಳೆರಡೂ (ಮೇಲ್‌ನ ತಲೆಸಾಲುಗಳು) ಸರಣಿಯ ಮೊದಲ ಆವೃತ್ತಿಯ ಕವರ್ ಲೆಟರ್‌ನ (ಸರಣಿಯನ್ನು ಪರಿಚಯಿಸುವ ಮೊದಲ ಮೇಲ್) ಮೆಸೇಜ್-ಐಡಿಯನ್ನು, ಅಂದರೆ ಆ ಮೇಲ್‌ನ ಗುರುತನ್ನು, ಹೊತ್ತಿದ್ದವು. ಆ ಪ್ಯಾಚ್‌ನಲ್ಲಿ ಬದಲಾವಣೆ ಇಲ್ಲವೆಂದು ಹಳೆಯ ಫೈಲನ್ನೇ ಉಳಿಸಿಕೊಳ್ಳಲಾಗಿತ್ತು.

ಗಿಟ್‌ನಲ್ಲಿ ಈ ಹೆಡರ್‌ಗಳನ್ನು ಬರೆಯಬಲ್ಲ ಕಮಾಂಡ್‌ಗಳು ಎರಡು: ಪ್ಯಾಚ್ ಫೈಲ್‌ಗಳನ್ನು ತೆಗೆಯುವ ಫಾರ್ಮ್ಯಾಟ್-ಪ್ಯಾಚ್, ಅವನ್ನು ಮೇಲ್ ಮಾಡುವ ಸೆಂಡ್-ಇಮೇಲ್. ಫಾರ್ಮ್ಯಾಟ್-ಪ್ಯಾಚ್ ಕೇಳಿದರೆ ಮಾತ್ರ ಬರೆಯುತ್ತದೆ. ಸೆಂಡ್-ಇಮೇಲ್ ಬೇಡವೆನ್ನದಿದ್ದರೆ ತಾನಾಗಿಯೇ ಬರೆಯುತ್ತದೆ. ಮೇಲ್‌ನ ರೂಪವನ್ನು ಹೇಳುವ ಮಾನದಂಡ ಆರ್‌ಎಫ್‌ಸಿ 5322ರ ಪ್ರಕಾರ ಒಂದು ಮೇಲ್‌ನಲ್ಲಿ ಇವು ತಲಾ ಒಂದು ಸಲ ಮಾತ್ರ ಬರಬಹುದು. ಆದರೂ ಗಿಟ್‌ನ 2018ರ ತಿದ್ದುಪಡಿಗೆ ಮುಂಚೆ, ಫೈಲಿನಲ್ಲಿದ್ದದ್ದು ಮತ್ತು ಸೆಂಡ್-ಇಮೇಲ್ ಬರೆದದ್ದು, ಎರಡೂ ಜೋಡಿ ಹೊರಹೋಗುತ್ತಿದ್ದವು. ಯಾವುದನ್ನು ನಂಬಬೇಕೆಂಬುದು ಓದುವವರ ಮೇಲ್ ತಂತ್ರಾಂಶಕ್ಕೆ ಬಿಟ್ಟದ್ದು. ಆ ತಿದ್ದುಪಡಿಯ ನಂತರ ಸೆಂಡ್-ಇಮೇಲ್ ಫೈಲಿನಲ್ಲಿರುವುದನ್ನೇ ಎತ್ತಿಕೊಳ್ಳತೊಡಗಿತು. ಇದರಿಂದ ಇನ್ನೊಂದು ತೊಡಕು: ಸೆಂಡ್-ಇಮೇಲ್ ಕಮಾಂಡ್‌ನಲ್ಲಿ ನಾವು ಕೊಟ್ಟ ಮೆಸೇಜ್-ಐಡಿಗೆ ಬೆಲೆ ಇಲ್ಲವಾಯಿತು. 2020ರಲ್ಲಿ ಮತ್ತೆ ಸರಿಪಡಿಸಿದರು. ಸೆಂಡ್-ಇಮೇಲ್‌ಗೆ 'ನೋ-ಥ್ರೆಡ್' (ಥ್ರೆಡ್ ಕಟ್ಟಬೇಡ ಎನ್ನುವ ಆಯ್ಕೆ) ಜೊತೆಗೆ ಐಡಿ ಕೊಟ್ಟರೆ ಈಗ ಕಮಾಂಡ್‌ನ ಮಾತೇ ನಡೆಯುತ್ತದೆ. ಥ್ರೆಡ್ ಚಾಲೂ ಇದ್ದರೆ ಫೈಲಿನದೇ ಗೆಲ್ಲುತ್ತದೆ.

ಇದು ತಕ್ಕ ನಿಯಮವೇ. ಆದರೆ ಯಾವ ಯಂತ್ರದಲ್ಲಿ ಯಾವ ಆವೃತ್ತಿ ಇದೆ, ಯಾವ ಆಯ್ಕೆ ಚಾಲೂ ಇದೆ ಎಂದು ಲೆಕ್ಕಹಾಕುತ್ತಾ ಪ್ಯಾಚ್ ಕಳುಹಿಸಲು ನನಗೆ ಮನಸ್ಸಿಲ್ಲ. ಹಾಗಾಗಿ ಫಾರ್ಮ್ಯಾಟ್-ಪ್ಯಾಚ್‌ಗೆ ಯಾವಾಗಲೂ 'ನೋ-ಥ್ರೆಡ್' ಕೊಡುತ್ತೇನೆ, ಅದಕ್ಕೆ ಐಡಿ ಕೊಡುವುದೇ ಇಲ್ಲ. ಪ್ರತಿ ಆವೃತ್ತಿಗೂ ಖಾಲಿ ಫೋಲ್ಡರ್‌ನಲ್ಲಿ ಎಲ್ಲ ಫೈಲ್‌ಗಳನ್ನೂ ಹೊಸದಾಗಿ ತೆಗೆಯುತ್ತೇನೆ. ಬಳಿಕ ಫೈಲ್‌ಗಳೊಳಗೆ ಪದ ಹುಡುಕುವ ಗ್ರೆಪ್ ಕಮಾಂಡ್‌ನಿಂದ 'ಇನ್-ರಿಪ್ಲೈ-ಟು' ಹುಡುಕುತ್ತೇನೆ. ಒಂದು ಸಾಲು ಸಿಕ್ಕರೂ ಮುಂದುವರಿಯುವುದಿಲ್ಲ.

ಕೊನೆಗೆ ಸೆಂಡ್-ಇಮೇಲ್ ಅನ್ನು ಮೇಲ್ ಕಳುಹಿಸದೆ ಬರೀ ತೋರಿಸುವ 'ಡ್ರೈ-ರನ್' ಆಯ್ಕೆಯೊಂದಿಗೆ ಓಡಿಸುತ್ತೇನೆ. ಅದು ತೋರಿಸುವ ಹೆಡರ್‌ಗಳಲ್ಲಿ ಪ್ರತಿ ಪ್ಯಾಚ್‌ನ 'ಇನ್-ರಿಪ್ಲೈ-ಟು' ಹೊಸ ಕವರ್ ಲೆಟರ್‌ನತ್ತಲೇ ಬೆರಳು ಮಾಡಬೇಕು. ಕವರ್ ಲೆಟರ್ ತಾನು ಯಾವುದರ ಕೆಳಗೆ ಕೂರಬೇಕೆಂಬುದು ಆಯಾ ಯೋಜನೆಯ ರೂಢಿಗೆ ಸೇರಿದ್ದು. ಗಿಟ್ ಯೋಜನೆಯವರು ಹೊಸ ಆವೃತ್ತಿಯನ್ನು ಹಳೆಯ ಕವರ್ ಲೆಟರ್‌ಗೆ ಉತ್ತರವಾಗಿ ಬಯಸುತ್ತಾರೆ. ಅಲ್ಲಿಗೆ ಕಳುಹಿಸುವಾಗ ಸೆಂಡ್-ಇಮೇಲ್‌ಗೆ ಆ ಐಡಿ ಕೊಡುತ್ತೇನೆ. ಲಿನಕ್ಸ್ ಕರ್ನೆಲ್‌ನ ಮಾರ್ಗಸೂಚಿ, ಅನೇಕ ಪ್ಯಾಚ್‌ಗಳ ಸರಣಿಯನ್ನು ಹಾಗೆ ಜೋಡಿಸದಿರುವುದೇ ಲೇಸು ಎನ್ನುತ್ತದೆ. ಅಲ್ಲಿಗಾದರೆ ಐಡಿ ಕೊಡದೆ, ಹಳೆಯ ಆವೃತ್ತಿಯ ಕೊಂಡಿಯನ್ನು ಕವರ್ ಲೆಟರ್‌ನೊಳಗೆ ಬರೆಯುತ್ತೇನೆ.