ಮಾರ್ಟಿನಿಯ ಬಲಗಡೆ ಮೊದಲು ಓದಿ

ವಾಡೆಯ ಗೋಡೆ ಮೇಲೆ ನೇತಾಡುವ ಬಂದೂಕಿಗೆ ಒಂದು ಕಥೆ ಇದ್ದೇ ಇರುತ್ತದೆ. ಕೊಪ್ಪಳ ಕಡೆಯದಾದರೆ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರದು, ರಾಯಚೂರು ಕಡೆಯದಾದರೆ ನಿಜಾಮರ ಫೌಜಿನದು, ಸಂಡೂರಿನದಾದರೆ ಮಹಾರಾಜರ ಶಿಕಾರಿಯದು. ಬಳ್ಳಾರಿಯಲ್ಲಿ ಅಪ್ಪನ ಕಾಲದಿಂದ ಬಂದೂಕು ರಿಪೇರಿಯ ಲೈಸೆನ್ಸ್ ಇಟ್ಟುಕೊಂಡು ಕೂತಿರುವ ನನಗೆ ಇವೆಲ್ಲ ಬಾಯಿಪಾಠ. ಕಥೆ ಪೂರ್ತಿ ಕೇಳುತ್ತೇನೆ. ಲಿವರ್ ಇಳಿಸಿ ಒಳಗೆ ತೋಟಾ ಇಲ್ಲ ಅನ್ನುವುದನ್ನು ಕಣ್ಣಾರೆ ನೋಡಿಕೊಳ್ಳುತ್ತೇನೆ. ಆಮೇಲೆ ಬಲಗಡೆ ತಿರುಗಿಸಿ ಅಲ್ಲಿ ಒತ್ತಿದ ಅಕ್ಷರ ಓದಲು ಕೂರುತ್ತೇನೆ.

ಕೊಪ್ಪಳದ ಹತ್ತಿರದ ಗೌಡರೊಬ್ಬರು ತಂದದ್ದು ಮಾರ್ಟಿನಿ-ಹೆನ್ರಿ, ಬ್ರಿಟಿಷ್ ಸೈನ್ಯದ ಹಳೆಯ ಬಂದೂಕು. ಒಂದು ಸಲಕ್ಕೆ ಒಂದೇ ತೋಟಾ. ಕೆಳಗಿನ ಲಿವರ್ ಇಳಿಸಿದರೆ ನಳಿಗೆಯ ಹಿಂಬಾಯಿ ಮುಚ್ಚಿರುವ ಬ್ಲಾಕಿನ ಮೂತಿ ಕೆಳಗೆ ಬಾಗಿ ಅದು ತೆರೆದುಕೊಳ್ಳುತ್ತದೆ. ಈ ಏರ್ಪಾಡು ಸ್ವಿಟ್ಜರ್ಲೆಂಡಿನ ಮಾರ್ಟಿನಿಯದು, ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಏಳು ತೋಡುಗಳು ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯವು.

"ಭೀಮರಾಯರ ಕೈಯಾಗಿಂದು ನೋಡ್ರಿ ಮೇಸ್ತ್ರಿ, ನಮ್ಮ ಮುತ್ತಜ್ಜಗ ಕೊಟ್ಟಿದ್ದು" ಅಂದರು ಗೌಡರು.

ಬಲಗಡೆಯ ಕಬ್ಬಿಣದ ಮೇಲೆ ಕಿರೀಟ, ಅದರ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್., ಎನ್‌ಫೀಲ್ಡ್ ಅನ್ನುವ ಇಂಗ್ಲೆಂಡಿನ ಬಂದೂಕು ಕಾರ್ಖಾನೆಯ ಹೆಸರು, 1874, ಕೊನೆಗೆ ಎರಡು ನಿಂತ ಗೆರೆ. ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಮಡಿದದ್ದು 1858ರಲ್ಲಿ. ಈ ಮಾದರಿಯನ್ನು ಬ್ರಿಟಿಷ್ ಸೈನ್ಯ ಒಪ್ಪಿಕೊಂಡದ್ದೇ 1871ರಲ್ಲಿ.

"ಭೀಮರಾಯರ ಕಾಲಕ್ಕ ಮುಂದಿನಿಂದ ಮದ್ದು ಗಿಡಿಯೋ ಬಂದೂಕು ಇದ್ದುವ್ರೀ ಗೌಡ್ರ. ಇದು ಹಿಂದಿನಿಂದ ತೋಟಾ ಹಾಕೋದು."

"ಹಂಗಂದ್ರ ನಮ್ಮ ಮುತ್ತಜ್ಜ ಸುಳ್ಳು ಹೇಳಿದ್ನೇನು?"

"ಮುತ್ತಜ್ಜಾರು ಹೇಳಿರಲಿಕ್ಕಿಲ್ಲ ಬಿಡ್ರಿ, ನಡುವಿನವರು ಯಾರೋ ಸೇರಿಸ್ಯಾರ."

ಗೌಡರ ಕಥೆ ಅಲ್ಲಿಗೆ ಮುಗಿಯಿತು, ಬಂದೂಕಿನ ಕಥೆ ಮುಗಿಯಲಿಲ್ಲ. ಎರಡು ಗೆರೆ ಅಂದರೆ ಎರಡನೇ ಮಾರ್ಕ್, ಅಂದರೆ ಅದೇ ಮಾದರಿಯ ತಿದ್ದಿದ ಎರಡನೇ ರೂಪ. ಅದು ಬಂದದ್ದು 1877ರಲ್ಲಿ, ಮೈಮೇಲಿರುವ ಇಸವಿ 1874. ಹಾಗಂತ ನಕಲಿ ಅನ್ನಬೇಡಿ. ಲೆನ್ಸ್ ಹಿಡಿದು ನೋಡಿದರೆ ಎರಡನೇ ಗೆರೆ ಮೊದಲನೆಯದಕ್ಕಿಂತ ಕೂದಲೆಳೆ ಕೆಳಗಿತ್ತು, ಸ್ವಲ್ಪ ಆಳವೂ ಆಗಿತ್ತು. ಮೊದಲ ಮಾರ್ಕಿನ ಬಂದೂಕುಗಳನ್ನು ಸೈನ್ಯವೇ ವಾಪಸ್ ತರಿಸಿಕೊಂಡು, ಒಳಗಿನ ಭಾಗ ಬದಲಿಸಿ, ಇನ್ನೊಂದು ಗೆರೆ ಒತ್ತಿ ಕಳಿಸುತ್ತಿತ್ತು. ಇಂಥದ್ದಕ್ಕೆ 1874ರ ಭಾಗಗಳನ್ನೇ ಹುಡುಕಿ ಹಾಕುತ್ತೇನೆಂದು ಹೊರಟರೆ ಬಂದೂಕು ಕೆಡುತ್ತದೆ. ಸೈನ್ಯ ಕೊನೆಗೆ ಹೇಗೆ ಬಿಟ್ಟಿತೋ ಅದೇ ಸರಿಯಾದ ರೂಪ ಅನ್ನುವುದು ನನ್ನ ಲೆಕ್ಕ. ಮಾರ್ಟಿನಿಗಿಂತ ಮುಂಚಿನ ಸ್ನೈಡರ್ ಬಂದೂಕಿನಲ್ಲೂ ಇದೇ ಮಾತು. ಲಾಕಿನ ತಗಡಿನ ಮೇಲೆ 1860 ಅಂತಿರುತ್ತದೆ, ಹಿಂಬದಿಯ ಬ್ಲಾಕ್ 1866ರ ನಂತರದ್ದು. ಮುಂದಿನಿಂದ ಮದ್ದು ತುಂಬುವ ಎನ್‌ಫೀಲ್ಡನ್ನು ಕೊಯ್ದು ಮಾಡಿದ್ದಾದ್ದರಿಂದ ಎರಡೂ ನಿಜ.

ನಕಲಿಯ ಗುರುತು ಬೇರೆ. ಈಗಿನ ಪಾಕಿಸ್ತಾನದ ಪೇಶಾವರ ಹತ್ತಿರದ ದರ್ರಾ ಕಡೆ ಕೈಯಲ್ಲಿ ಮಾಡಿದ ಮಾರ್ಟಿನಿಗಳಲ್ಲಿ ಇಂಗ್ಲಿಷಿನ ಎನ್ ಅಕ್ಷರ ಎಷ್ಟೋ ಸಲ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ವಿಕ್ಟೋರಿಯಾ ರಾಣಿ ಸತ್ತದ್ದು 1901ರ ಜನವರಿಯಲ್ಲಿ, ಅದಾದ ಮೇಲಿನ ಇಸವಿಯ ಜೊತೆ ವಿ.ಆರ್. ಇದ್ದರೆ ಮುಂದೆ ನೋಡುವುದೇ ಬೇಡ. ನನಗೆ ಇವೆಲ್ಲಕ್ಕಿಂತ ನಂಬಿಕೆ ಸ್ಕ್ರೂ ಮೇಲೆ. ಅಸಲಿ ಸ್ಕ್ರೂ ಅಸಲಿ ಬಂದೂಕಿಗೆ ಬೆರಳಲ್ಲೇ ತಿರುಗಿ ಕೂರುತ್ತದೆ, ಕೈಯಲ್ಲಿ ತಿರುಪಿನ ಗೆರೆ ಕೊರೆದ ನಕಲಿಗೆ ಎರಡು ಸುತ್ತು ಹೋಗಿ ನಿಂತುಬಿಡುತ್ತದೆ.

ಗೌಡರ ಬಂದೂಕು ಅಸಲಿಯೇ. ಆದರೆ ಹೆಗಲಿಗೆ ಒರಗಿಸುವ ಹಿಂದಿನ ಕಟ್ಟಿಗೆ, ಅಂದರೆ ಬಟ್, ಸಾಗವಾನಿಯದು, ಯಾರೋ ಊರ ಬಡಿಗರು ಚೆಂದ ಮಾಡಿದ್ದರು. ಮುಂದಿನ ಪಟ್ಟಿಯ ಜಾಗದಲ್ಲಿ ಹಿತ್ತಾಳೆ ತಗಡು, ನಳಿಗೆ ಕೆಳಗಿನ ಸರಳಿನ ಜಾಗದಲ್ಲಿ ಕೊಡೆಯ ಕಡ್ಡಿ. ಇವುಗಳ ಅಸಲಿ ಸಿಗಲು ಬಹಳ ದಿನ ಕಾದೆ. ಕೊನೆಗೆ ಸಿಕ್ಕಿದ್ದು ರಾಯಚೂರು ಕಡೆಯ ಮನೆಯೊಂದರ ಮಾರ್ಟಿನಿಯಲ್ಲಿ. ಅದೂ ಎರಡನೇ ಮಾರ್ಕ್, ನಳಿಗೆ ಸೀಳಿತ್ತು, ವಾಲ್ನಟ್ ಕಟ್ಟಿಗೆ ಮಾತ್ರ ಗಟ್ಟಿ. ಕಾಗದಪತ್ರ ಮುಗಿಸಿಯೇ ತೆಗೆದುಕೊಂಡೆ. ಹೊರದೇಶದ ವ್ಯಾಪಾರಿಗಳಲ್ಲಿ ಬಿಡಿಭಾಗ ಸಿಗುತ್ತವೆ ನಿಜ, ಆದರೆ ಪರವಾನಗಿ ಇಲ್ಲದೆ ಬಂದೂಕಿನ ಚೂರು ತರಿಸುವ ಉಸಾಬರಿ ಬೇಡ.

ಬಿಚ್ಚುವ ಕೆಲಸದಲ್ಲಿ ಅವಸರ ಆಗದು. ಸ್ಕ್ರೂಡ್ರೈವರಿನ ತುದಿಯನ್ನು ಆಯಾ ಸ್ಕ್ರೂವಿನ ತಲೆಯ ಸೀಳಿಗೆ ತಕ್ಕಂತೆ ಉಜ್ಜಿ, ಅಲುಗಾಡದೆ ಕೂರುವಂತೆ ಮಾಡಿಕೊಳ್ಳುತ್ತೇನೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇಡುತ್ತೇನೆ. ಮಾರ್ಟಿನಿಯ ಬಟ್ಟನ್ನು ಹಿಡಿದಿರುವುದು ಒಳಗೆ ಉದ್ದಕ್ಕೂ ಹಾಯ್ದ ಒಂದು ಬೋಲ್ಟ್. ಹಿಂದಿನ ಲೋಹದ ತಗಡು ಬಿಚ್ಚಿ, ಉದ್ದನೆಯ ಡ್ರೈವರ್ ಒಳಗೆ ತೂರಿಸಿ ಸಡಿಲಿಸಬೇಕು. ನಮ್ಮ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗುವುದರಿಂದ ಎಷ್ಟೋ ಬಂದೂಕುಗಳ ಬಟ್ ಲೊಡಲೊಡ ಅನ್ನುತ್ತದೆ. ಜನ ಎಂ-ಸೀಲ್ ಮೆತ್ತುತ್ತಾರೆ. ಅದೇ ಬೋಲ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಸಾಕಾಗಿರುತ್ತದೆ.

ಕಬ್ಬಿಣಕ್ಕೆ ಪಾಲಿಶ್ ಪೇಪರ್, ತಂತಿ ಚಕ್ರ ಎರಡೂ ನಿಷಿದ್ಧ. ಅಕ್ಷರದ ಅಂಚು ಒಮ್ಮೆ ಸವೆದರೆ ಆ ಬಂದೂಕಿನ ಜಾತಕವೇ ಹೋಯಿತು. ಎಣ್ಣೆ ಹಚ್ಚಿ ಕೌಲ್ ಬಜಾರಿನ ಜೀನ್ಸ್ ಚಿಂದಿಯಿಂದ ಉಜ್ಜುತ್ತೇನೆ, ಅದರಷ್ಟು ಒಳ್ಳೆ ಅರಿವೆ ಇನ್ನೊಂದಿಲ್ಲ. ಕೆಂಪು ತುಕ್ಕು ಬಿಟ್ಟು ಬರುತ್ತದೆ, ಕೆಳಗಿನ ಕಂದು ಬಣ್ಣ ಉಳಿಯುತ್ತದೆ. ಗೌಡರ ಬಂದೂಕಿನ ಬ್ಲಾಕಿನ ಸಂದಿಯಲ್ಲಿ ಪ್ರತಿ ವರ್ಷದ ಆಯುಧಪೂಜೆಯ ಕುಂಕುಮ ಪದರಪದರವಾಗಿ ಗಟ್ಟಿಯಾಗಿತ್ತು. ಬಿದಿರು ಕಡ್ಡಿಯಿಂದ ಕೆರೆದು ತೆಗೆದರೆ ಅದರಡಿ ಸಣ್ಣ ಸಣ್ಣ ಗುಂಡಿ. ಒದ್ದೆ ಕುಂಕುಮ, ಕಾಯಿ ನೀರು ಎರಡೂ ಕಬ್ಬಿಣವನ್ನು ತಿನ್ನುತ್ತವೆ. ಪೂಜೆ ಬಿಡಿ ಅನ್ನುವುದಿಲ್ಲ, ಬೊಟ್ಟನ್ನು ತೊಗಲಿನ ಪಟ್ಟಿಗೆ ಇಡಿ ಅನ್ನುತ್ತೇನೆ. ಕಟ್ಟಿಗೆಗೆ ವಾರ್ನಿಶ್ ಬೇಡ. ಸೈನ್ಯ ಹಚ್ಚುತ್ತಿದ್ದದ್ದೂ ಕಾಯಿಸದ ಅಗಸೆ ಎಣ್ಣೆಯೇ, ನಮ್ಮ ಗಾಣದಲ್ಲಿ ತಾಜಾ ಸಿಗುತ್ತದೆ. ಅಂಗೈಯಲ್ಲಿ ತಿಕ್ಕಿ, ಒಣಗಲು ಬಿಟ್ಟು, ಮತ್ತೆ ತಿಕ್ಕಬೇಕು.

"ಹಾರಿಸಬಹುದಾ?" ಅಂತ ಎಲ್ಲರೂ ಕೇಳುತ್ತಾರೆ. ಇದರ ತೋಟಾ ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ, ನಾನು ಹಾರಿಸಲೆಂದು ರಿಪೇರಿ ಮಾಡುವುದೂ ಇಲ್ಲ. ಹಳೆಯದು ಅಂದಮಾತ್ರಕ್ಕೆ ಲೈಸೆನ್ಸ್ ಬೇಡವೆಂದೂ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹಾರದಂಥದ್ದಕ್ಕೆ ಮಾತ್ರ. ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕನ್ನು ಎಷ್ಟೋ ಸಲ ಠಾಣೆಗೆ ಜಮಾ ಮಾಡಬೇಕಾಗುತ್ತದೆ. ಕಂಬಳಿ ಸುತ್ತಿ ಕೊಡಿ. ಒಂದರ ಮೇಲೊಂದು ಒರಗಿಸಿಟ್ಟಲ್ಲಿ ಬಿದ್ದ ಪೆಟ್ಟುಗಳೇ ನನ್ನ ಅಂಗಡಿಗೆ ಅರ್ಧ ಕೆಲಸ ತರುತ್ತವೆ.

ತೆಗೆದ ಭಾಗಗಳನ್ನು ನಾನು ಎಸೆಯುವುದಿಲ್ಲ. ಸಾಗವಾನಿ ಬಟ್, ಹಿತ್ತಾಳೆ ತಗಡು, ಕೊಡೆ ಕಡ್ಡಿ ಎಲ್ಲ ಚೀಟಿ ಕಟ್ಟಿ ಗೌಡರಿಗೇ ಒಪ್ಪಿಸಿದೆ. ಹೊರಡುವಾಗ ಅವರು ನಳಿಗೆಗೆ ಕ್ರೋಮ್ ಹೊಡೆಸಿಕೊಡಿ, ಮಗಳ ಮದುವೆಗೆ ಮಿಂಚಬೇಕು ಅಂದರು. ಆಗಲ್ಲ ಅಂದೆ. ಹೊಸಪೇಟೆಯಲ್ಲಿ ಯಾರಾದರೂ ಮಾಡಿಕೊಡ್ತಾರಾ ಅಂತ ಕೇಳಿದರು. ಗೊತ್ತಿದ್ದರೂ ಹೇಳಲಿಲ್ಲ.