ಹ್ಯಾಲೋವೀನ್‌ಗೆ ಲಾಲಿಪಾಪ್ ದೆವ್ವ, ಉಳಿದ ಮಿಠಾಯಿಗೆ ಚಾಕೊಲೇಟ್ ಹಾಳೆ

ಅಮೆರಿಕದಲ್ಲಿರುವ ಕನ್ನಡದ ಗೆಳೆಯ ಗೆಳತಿಯರೇ, ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಪಡೆಯುವ ಹ್ಯಾಲೋವೀನ್ ಹಬ್ಬಕ್ಕೆ, ಅಂದರೆ ಅಕ್ಟೋಬರ್ 31ಕ್ಕೆ, ಮಕ್ಕಳ ಕೈಯಿಂದಲೇ ಮಾಡಿಸಬಹುದಾದ ಕೆಲಸವಿದು. ದುಂಡನೆಯ ಲಾಲಿಪಾಪ್‌ನ ಕಾಗದ ಬಿಚ್ಚದೆ, ಮೇಲೆ ಬಿಳಿ ಟಿಶ್ಯೂ ಹೊದಿಸಿ ಕತ್ತಿನ ಬಳಿ ದಾರ ಕಟ್ಟಿ. ಕಪ್ಪು ಸ್ಕೆಚ್ ಪೆನ್ನಿನಿಂದ ಎರಡು ಕಣ್ಣು ಬರೆದರೆ ದೆವ್ವ ಸಿದ್ಧ. ಕಣ್ಣನ್ನು ಮೊದಲೇ ಬರೆಯಬೇಡಿ, ಮಡಿಕೆಯಲ್ಲಿ ಮುಖ ಸೊಟ್ಟಗಾಗುತ್ತದೆ.

ಮರುದಿನ ಬುಟ್ಟಿ ತುಂಬ ಉಳಿಯುವ ಮಿಠಾಯಿಗೂ ದಾರಿಯಿದೆ. ಸುಮಾರು 300 ಗ್ರಾಂ ಚಾಕೊಲೇಟನ್ನು ಮೈಕ್ರೋವೇವ್‌ನಲ್ಲಿಟ್ಟು, 30 ಸೆಕೆಂಡಿಗೊಮ್ಮೆ ತೆಗೆದು ಕಲಕುತ್ತ ಕರಗಿಸಿ. ಬಟ್ಟಲು, ಚಮಚ ಪೂರ್ತಿ ಒಣಗಿರಬೇಕು. ಕೆಲವೇ ಹನಿ ನೀರು ಸೇರಿದರೂ ಚಾಕೊಲೇಟ್ ಗಂಟುಗಟ್ಟಿ ಕೆಡುತ್ತದೆ. ಬೇಕಿಂಗ್ ಕಾಗದದ ಮೇಲೆ ತೆಳುವಾಗಿ ಹರಡಿ, ಸಣ್ಣಗೆ ಕತ್ತರಿಸಿದ ಮಿಠಾಯಿಯನ್ನೂ ಉಪ್ಪಿನ ಪ್ರೆಟ್ಜೆಲ್ (ಗರಿಗರಿ ಬಿಸ್ಕತ್ತಿನಂಥ ತಿನಿಸು) ಚೂರುಗಳನ್ನೂ ಉದುರಿಸಿ. ಆ ಉಪ್ಪನ್ನು ಮಾತ್ರ ಬಿಡಬೇಡಿ, ಅತಿಯಾದ ಸಿಹಿಯನ್ನು ಮುರಿಯುವುದು ಅದೇ. ಫ್ರಿಜ್‌ನಲ್ಲಿ ಗಟ್ಟಿಯಾದ ಮೇಲೆ ಕೈಯಿಂದ ಮುರಿದರೆ ಸಾಕು.

ಸಸ್ಯಾಹಾರಿ ಮನೆಗಳವರು ಗಮನಿಸಿ: ಹೆಚ್ಚಿನ ಮಾರ್ಷ್‌ಮ್ಯಾಲೋದಲ್ಲಿ (ಸ್ಪಂಜಿನಂಥ ಮೆತ್ತನೆಯ ಮಿಠಾಯಿ), ಹಲವು ಬಗೆಯ ಕ್ಯಾಂಡಿ ಕಾರ್ನ್‌ನಲ್ಲಿಯೂ (ಜೋಳದ ಕಾಳಿನಾಕಾರದ ಮಿಠಾಯಿ) ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಪೊಟ್ಟಣದ ಹಿಂಬದಿ ಓದಿಯೇ ಕೊಳ್ಳಿ. ಬೇರೆ ಮಕ್ಕಳಿಗೂ ಹಂಚುವುದಾದರೆ ಕಡಲೆಕಾಯಿ ಅಲರ್ಜಿ ಇದೆಯೇ ಎಂದು ಅವರ ಮನೆಯವರನ್ನು ಕೇಳಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಮಿಠಾಯಿ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.